ಡಾಕ್ಟ್ರಿಗೊಂದು ಪ್ರಶ್ನೆ: ತಲೆಯ ಬುಗುಟು, ಚರ್ಮದಡಿ ನಿಂತ ರಕ್ತ

ಈ ಸಲ ಬಂದ ಪ್ರಶ್ನೆಗಳನ್ನ ಟೇಬಲ್ ಮೇಲೆ ಹರಡಿ ನೋಡಿದ್ರೆ ಅರ್ಧಕ್ಕರ್ಧ ಒಂದೇ ವಿಷಯ, ತಲೆಗೆ ಪೆಟ್ಟು ಬಿತ್ತು, ಊದ್ಕೊಂಡಿದೆ, ಏನ್ ಮಾಡ್ಲಿ ಅಂತ. ಆಶ್ಚರ್ಯ ಏನಿಲ್ಲ ಬಿಡಿ, ಮೆಣಸು ಕೊಯ್ಲಿನ ಕಾಲ, ಏಣಿಯಿಂದ ಬೀಳೋರು ಇದ್ದೇ ಇರ್ತಾರೆ, ಅದ್ರ ಜೊತೆಗೆ ಊರೂರಲ್ಲಿ ಹಾಕಿ ಪ್ರಾಕ್ಟೀಸ್ ಬೇರೆ ಶುರುವಾಗಿದೆ. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ತಳ್ಳಿ ಈ ಸಲ ಬರೀ ಬುಗುಟಿನ ಬಗ್ಗೆ ಬರೀತಿದ್ದೀನಿ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಕಾಗದಗಳನ್ನ ಓದ್ತಾ ನನಗೆ ಅನ್ಸಿದ್ದು ಏನಂದ್ರೆ ಯಾರು ತುಂಬಾ ಹೆದರಿ ಬರೆದಿದ್ದಾರೋ ಅವ್ರಲ್ಲಿ ಬಹಳ ಜನಕ್ಕೆ ಹೆದರೋ ಅಗತ್ಯ ಇರ್ಲಿಲ್ಲ, ಯಾರು ಸುಮ್ನೆ ಕೇಳ್ತಿದ್ದೀನಿ ಮೇಡಂ ಅಂತ ಬರೆದಿದ್ದಾರೋ ಅವ್ರಲ್ಲೇ ಒಬ್ಬರನ್ನ ನಾನು ಅವತ್ತೇ ಆಸ್ಪತ್ರೆಗೆ ಓಡಿಸಬೇಕಾಯ್ತು.

ಪ್ರಶ್ನೆ: ನನ್ನ ಮಗನಿಗೆ 14 ತಿಂಗಳು. ಮಂಚದಿಂದ ಉರುಳಿ ಬಿದ್ದು ಹಣೆಗೆ ಪೆಟ್ಟಾಯ್ತು, ಐದೇ ನಿಮಿಷದಲ್ಲಿ ಕೋಳಿಮೊಟ್ಟೆ ಅಷ್ಟು ದಪ್ಪ ಬುಗುಟು ಬಂತು. ತಕ್ಷಣ ಅತ್ತ, ಎತ್ಕೊಂಡ ಮೇಲೆ ಸುಮ್ಮನಾಗಿ ಹಾಲು ಕುಡಿದು ಆಟ ಆಡ್ತಿದ್ದ. ಅತ್ತೆ ನಾಣ್ಯ ಇಟ್ಟು ಒತ್ತಿದ್ರು, ಎಣ್ಣೆ ಹಾಕಿ ಉಜ್ಜಿದ್ರು. ನಮ್ಮೆಜಮಾನ್ರು ಸ್ಕ್ಯಾನ್ ಮಾಡ್ಸಲೇಬೇಕು ಅಂತಾರೆ. ಯಾರ ಮಾತು ಕೇಳ್ಲಿ? — ಒಬ್ಬ ತಾಯಿ, ಸೋಮವಾರಪೇಟೆ

ಇಬ್ಬರ ಮಾತೂ ಬೇಡಮ್ಮ. ನಿಮ್ಮ ಕಾಗದದಲ್ಲೇ ಉತ್ತರ ಇದೆ ನೋಡಿ, ತಕ್ಷಣ ಅತ್ತ, ಹಾಲು ಕುಡಿದ, ಆಟ ಆಡ್ದ. ಬುಗುಟು ಎಷ್ಟು ದಪ್ಪ ಅನ್ನೋದಕ್ಕಿಂತ ಈ ಮೂರು ಮಾತು ನನಗೆ ಮುಖ್ಯ.

ಬುಗುಟು ಯಾಕೆ ಅಷ್ಟು ಬೇಗ, ಅಷ್ಟು ದೊಡ್ಡದಾಗಿ ಏಳುತ್ತೆ ಅಂತ ಹೇಳಿದ್ರೆ ಅರ್ಧ ಭಯ ಹೋಗುತ್ತೆ. ತಲೆಯ ಚರ್ಮ ಅಂದ್ರೆ ಒಂದೇ ಪದರ ಅಲ್ಲ, ಐದು ಪದರ. ಮೇಲೆ ಚರ್ಮ, ಅದರ ಕೆಳಗೆ ರಕ್ತನಾಳ ತುಂಬಿರೋ ಬಿಗಿಯಾದ ನಾರಿನ ಪದರ, ಅದರ ಕೆಳಗೆ ಟೋಪಿ ಥರ ತಲೆಯನ್ನ ಮುಚ್ಚಿರೋ ಗಟ್ಟಿ ಹಾಳೆ, ಅದಕ್ಕೂ ಕೆಳಗೆ ಸಡಿಲವಾದ ಒಂದು ಪದರ, ಕೊನೆಗೆ ಮೂಳೆಗೆ ಅಂಟ್ಕೊಂಡಿರೋ ತೆಳು ಪೊರೆ. ಆ ಎರಡನೇ ಪದರದ ರಕ್ತನಾಳಗಳನ್ನ ನಾರುಗಳು ಸುತ್ತಲೂ ಹಿಡ್ಕೊಂಡಿರೋದ್ರಿಂದ ಒಡೆದ್ರೆ ಬೇರೆ ಕಡೆ ಆಗೋ ಹಾಗೆ ಸುಲಭವಾಗಿ ಮುಚ್ಚಿಕೊಳ್ಳಲ್ಲ, ಬಾಯಿ ತೆರ್ಕೊಂಡೇ ಇರ್ತವೆ, ಕೆಳಗೆ ಹೋಗೋಣ ಅಂದ್ರೆ ಮೂಳೆ ಅಡ್ಡ ಇದೆ, ಹಾಗಾಗಿ ರಕ್ತಕ್ಕೆ ಇರೋ ದಾರಿ ಒಂದೇ, ಮೇಲಕ್ಕೆ ಉಬ್ಬೋದು. ತೊಡೆಗೆ ಅದೇ ಪೆಟ್ಟು ಬಿದ್ರೆ ಮಾಂಸದೊಳಗೆ ಹರಡಿಕೊಳ್ತಿತ್ತು, ನಿಮಗೆ ಗೊತ್ತೂ ಆಗ್ತಿರ್ಲಿಲ್ಲ. ಇದಕ್ಕೆ ನಾವು ಹೆಮಟೋಮಾ ಅಂತೀವಿ, ರಕ್ತ ಒಂದೆಡೆ ಶೇಖರ ಆಗಿರೋದು ಅಷ್ಟೇ. ಮಿದುಳು ಇರೋದು ಮೂಳೆಯ ಒಳಗೆ, ಈ ರಕ್ತ ಇರೋದು ಮೂಳೆಯ ಹೊರಗೆ.

ಸ್ಕ್ಯಾನ್ ವಿಚಾರ. ಅಮೆರಿಕದಲ್ಲಿ 42 ಸಾವಿರಕ್ಕೂ ಹೆಚ್ಚು ಮಕ್ಕಳನ್ನ ನೋಡಿ 2009ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟ ಆಯ್ತು, ಯಾವ ಮಗುಗೆ ಸ್ಕ್ಯಾನ್ ಬೇಕು ಯಾವುದಕ್ಕೆ ಬೇಡ ಅನ್ನೋದೇ ಅದರ ಪ್ರಶ್ನೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಹಣೆಯ ಮೇಲಿನ ಬುಗುಟು ಅಪಾಯದ ಲೆಕ್ಕಕ್ಕೇ ಬರ್ಲಿಲ್ಲ, ಆದ್ರೆ ತಲೆಯ ಪಕ್ಕ, ಹಿಂದೆ, ನೆತ್ತಿ ಹತ್ರ ಬಂದ ಬುಗುಟು ಲೆಕ್ಕಕ್ಕೆ ಬಂತು. ಜೊತೆಗೆ ಮೂರು ಅಡಿಗಿಂತ ಎತ್ತರದಿಂದ ಬಿದ್ದಿರೋದು, ಐದು ಸೆಕೆಂಡಿಗಿಂತ ಹೆಚ್ಚು ಪ್ರಜ್ಞೆ ತಪ್ಪಿದ್ದು, ಮುಟ್ಟಿದ್ರೆ ಮೂಳೆ ಮುರಿದ ಹಾಗೆ ಅನ್ಸೋದು, ಮಂಕಾಗಿರೋದು, ಇನ್ನೊಂದು ನನಗೆ ತುಂಬಾ ಇಷ್ಟವಾದ್ದು, ಮಗು ಎಂದಿನಂತೆ ಇಲ್ಲ ಅಂತ ಅಪ್ಪ ಅಮ್ಮನಿಗೆ ಅನ್ಸೋದು. ಹೌದು, ನಿಮ್ಮ ಅನಿಸಿಕೆಯೇ ಒಂದು ಟೆಸ್ಟು, ಡಾಕ್ಟ್ರ ಮುಂದೆ ಧೈರ್ಯವಾಗಿ ಹೇಳಿ. ನಿಮ್ಮ ಮಗನಿಗೆ ಇದ್ಯಾವುದೂ ಇಲ್ಲ. ಒಂದು ತಲೆ ಸಿಟಿ ಸ್ಕ್ಯಾನ್‌ನಲ್ಲಿ ಹತ್ತಿರಹತ್ತಿರ ನೂರು ಎದೆ ಎಕ್ಸ್‌ರೇಯಷ್ಟು ವಿಕಿರಣ ಹೋಗುತ್ತೆ, ಬೇಕಾದಾಗ ಮಾಡಿಸೋಕೆ ಹಿಂಜರೀಬಾರದು, ಬರೀ ಮನಸ್ಸಿನ ಸಮಾಧಾನಕ್ಕೆ ಬೇಡ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ, ನಾಣ್ಯ ಮಾತ್ರ ಡಬ್ಬಿಗೆ ವಾಪಸ್ ಹಾಕ್ಲಿ. ನಾನು ಚಿಕ್ಕವಳಿದ್ದಾಗ ನಮ್ಮಜ್ಜಿ ಹಿತ್ತಾಳೆ ಚೆಂಬಿನ ತಳ ಒತ್ತುತ್ತಿದ್ರು, ತಣ್ಣಗೆ ಹಾಯಾಗಿರ್ತಿತ್ತು ನಿಜ, ಆ ತಣ್ಣನೆಯದ್ದೇ ಔಷಧಿ, ಒತ್ತೋದಲ್ಲ. ಪೆಟ್ಟಾದ ಕೂಡ್ಲೇ ಮೆಲ್ಲಗೆ ಕೈ ಇಟ್ಟು ಹಿಡ್ಕೊಳ್ಳೋದ್ರಲ್ಲಿ ತಪ್ಪಿಲ್ಲ, ಉಜ್ಜೋದು ತಪ್ಪು, ಉಜ್ಜಿದ್ರೆ ಮುಚ್ಚಿಕೊಳ್ಳೋಕೆ ಹೊರಟ ರಕ್ತನಾಳ ಮತ್ತೆ ಬಾಯಿ ತೆರೆಯುತ್ತೆ. ಫ್ರಿಜ್ಜಿನ ಐಸನ್ನ ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಿ, ಮಗು ಕೊಸರಾಡಿದ್ರೆ ಐದೇ ನಿಮಿಷ ಸಾಕು, ಎರಡು ಮೂರು ಗಂಟೆಗೊಮ್ಮೆ ಹೀಗೆ ಮೊದಲ ಒಂದೆರಡು ದಿನ. ಕರೆಂಟ್ ಇಲ್ಲದೆ ಐಸ್ ಇಲ್ಲ ಅಂದ್ರೆ ಬಾವಿ ನೀರಲ್ಲಿ ಅದ್ದಿದ ಬಟ್ಟೆ, ಕೊಡಗಿನ ಬಾವಿ ನೀರು ಐಸಿಗೆ ಏನ್ ಕಮ್ಮಿ. ನೋವಿಗೆ ಪ್ಯಾರಾಸಿಟಮಾಲ್ ಸಿರಪ್, ತೂಕದ ಪ್ರತಿ ಕೆಜಿಗೆ 15 ಮಿಲಿಗ್ರಾಂ ಲೆಕ್ಕದಲ್ಲಿ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ, ಎಷ್ಟು ಎಂಎಲ್ ಅಂತ ಬಾಟಲಿ ತೋರಿಸಿ ಮೆಡಿಕಲ್‌ನವರ ಹತ್ರ ಕೇಳಿ.

ರಾತ್ರಿ ಮಲಗಿಸಬಾರದು ಅಂತ ಅಕ್ಕಪಕ್ಕದವರು ಹೇಳ್ತಾರೆ. ಮಲಗ್ಲಿ ಬಿಡಿ, ಮಗು ನಿದ್ದೆ ಮಾಡೋ ಹೊತ್ತಿಗೆ ಮಲಗೋದ್ರಲ್ಲಿ ತಪ್ಪೇನಿಲ್ಲ, ಮಧ್ಯೆ ಒಂದೆರಡು ಸಲ ಅಲುಗಾಡಿಸಿ ನೋಡಿ, ಸಿಡುಕಿ ಮಗ್ಗುಲಾದ್ರೆ ಸಾಕು. ಎಬ್ಬಿಸಿದ್ರೂ ಏಳದಿದ್ರೆ, ಪದೇಪದೇ ವಾಂತಿ ಮಾಡಿದ್ರೆ, ಫಿಟ್ಸ್ ಬಂದ್ರೆ, ಸಮಾಧಾನವೇ ಆಗದ ಹಾಗೆ ಅತ್ತರೆ ಹೊರಡಬೇಕು.

ಇಲ್ಲಿ ನಮ್ಮ ಜಿಲ್ಲೆಯವರಿಗೇ ಅಂತ ಒಂದು ಮಾತು. ಪುಸ್ತಕದಲ್ಲಿ "ಮನೇಲಿ ಕಾದು ನೋಡಿ, ಏನಾದ್ರೂ ಆದ್ರೆ ಬನ್ನಿ" ಅಂತ ಇರುತ್ತೆ, ಅದನ್ನ ಬರೆದವರ ಮನೆ ಪಕ್ಕದಲ್ಲೇ ಆಸ್ಪತ್ರೆ ಇರುತ್ತೆ. ನಮ್ಮಲ್ಲಿ ತೋಟದೊಳಗಿನ ಮನೆ, ಮೈನ್ ರೋಡಿಗೆ ಬರೋಕೇ ಎರಡು ಮೂರು ಕಿಲೋಮೀಟರ್ ಜೀಪ್ ದಾರಿ, ಫೋನಿಗೆ ನೆಟ್‌ವರ್ಕ್ ಇಲ್ಲ, ರಾತ್ರಿ ದಾರೀಲಿ ಆನೆ ನಿಂತಿರ್ಬಹುದು. ಮಿದುಳಿನ ಆಪರೇಷನ್ ಅಂತಾದ್ರೆ ಮೈಸೂರು ಇಲ್ಲಾ ಮಂಗಳೂರಿಗೆ ಹೋಗೋದೇ ನಮ್ಮ ರೂಢಿ, ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಹಾಗಾಗಿ ಸ್ವಲ್ಪ ಅನುಮಾನ ಇದ್ರೂ ಆ ಮೊದಲ ರಾತ್ರಿಯನ್ನ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಕುಶಾಲನಗರದಲ್ಲೋ ಆಸ್ಪತ್ರೆಗೆ ಹತ್ತಿರದ ನೆಂಟರ ಮನೇಲಿ ಕಳೀರಿ. ನೆಂಟರು ಇರೋದು ಮತ್ತ್ಯಾಕೆ.

ಪ್ರಶ್ನೆ: ಸುಮ್ನೆ ತಿಳ್ಕೊಳ್ಳೋಕೆ ಕೇಳ್ತಿದ್ದೀನಿ ಮೇಡಂ. ನಮ್ಮಪ್ಪನಿಗೆ 74. ತಿಂಗಳ ಹಿಂದೆ ಕಾಫಿ ಸ್ಟೋರಿನ ಬಾಗಿಲ ಚೌಕಟ್ಟಿಗೆ ತಲೆ ಹೊಡ್ಕೊಂಡ್ರು, ಚಿಕ್ಕ ಬುಗುಟು ಬಂದು ವಾರದಲ್ಲಿ ಹೋಯ್ತು. ಹಾರ್ಟಿಗೆ ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಾರೆ. ಈಗ ಒಂದು ವಾರದಿಂದ ನಡಿಗೆ ಸ್ವಲ್ಪ ಓಲಾಡುತ್ತೆ, ಹಗಲೆಲ್ಲ ನಿದ್ದೆ, ಚೀಲದ ಲೆಕ್ಕ ತಪ್ತಾರೆ. ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ದೀವಿ. ಬುಗುಟಿಗೂ ಇದಕ್ಕೂ ಸಂಬಂಧ ಇರುತ್ತಾ? — ಓದುಗರು, ಸಿದ್ದಾಪುರ

ಈ ಕಾಗದವನ್ನ ಪತ್ರಿಕೆಯವರು ನನಗೆ ವಾಟ್ಸಾಪ್ ಮಾಡಿದ ದಿನವೇ ಇವರಿಗೆ ಫೋನ್ ಮಾಡಿ ಇವತ್ತೇ ಹೊರಡಿ ಅಂದೆ. ಅಂಕಣದಲ್ಲಿ ಹಾಕ್ತಿರೋದು ಬೇರೆ ಮನೆಗಳ ಅಪ್ಪಂದಿರಿಗೋಸ್ಕರ.

ಬುಗುಟು ಇದ್ದಿದ್ದು ಮೂಳೆಯ ಹೊರಗೆ, ಅದು ವಾರದಲ್ಲಿ ಕರಗಿ ಹೋಯ್ತು, ಅದರ ಕಥೆ ಮುಗೀತು. ಆದ್ರೆ ಅದೇ ಪೆಟ್ಟಿಗೆ ಮೂಳೆಯ ಒಳಗಡೆನೂ ಏನೋ ಆಗಿರಬಹುದು. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತೆ, ಅದಕ್ಕೂ ಬುರುಡೆಗೂ ಮಧ್ಯೆ ಜಾಗ ಹೆಚ್ಚುತ್ತೆ, ಆ ಜಾಗವನ್ನ ದಾಟಿ ಹೋಗೋ ಸಣ್ಣ ರಕ್ತನಾಳಗಳು ಎಳೆದಂತಾಗಿ ಬಿಗಿಯಾಗಿರ್ತವೆ, ಅಂಥದ್ದೊಂದು ಹರಿಯೋಕೆ ದೊಡ್ಡ ಪೆಟ್ಟೇನೂ ಬೇಕಿಲ್ಲ, ಬಾಗಿಲ ಚೌಕಟ್ಟು ಸಾಕು. ಹನಿಹನಿಯಾಗಿ ಸೋರಿ ವಾರಗಟ್ಟಲೆ ಆದ್ಮೇಲೆ ಮಿದುಳನ್ನ ಒತ್ತೋಕೆ ಶುರು ಮಾಡುತ್ತೆ, ಆಗ ನಡಿಗೆ ಓಲಾಟ, ಮರೆವು, ತೂಕಡಿಕೆ, ತಲೆನೋವು, ಕೆಲವೊಮ್ಮೆ ಒಂದು ಕೈಯೋ ಕಾಲೋ ಸೋತಂತಾಗೋದು. ಇದಕ್ಕೆ ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ ಅಂತ ಹೆಸರು. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ, ಸಂಜೆ ದಿನಾ ಗ್ಲಾಸ್ ಹಿಡಿಯೋರಿಗೆ ಇದು ಹೆಚ್ಚು, ಇದನ್ನ ನಮ್ಮೂರಲ್ಲಿ ಜಾಸ್ತಿ ವಿವರಿಸೋದು ಬೇಡ.

ಬೇಜಾರಿನ ಸಂಗತಿ ಏನಂದ್ರೆ ಇದನ್ನ ಅರಳುಮರಳು ಅಂತಲೋ ಸ್ಟ್ರೋಕ್ ಅಂತಲೋ ಅಂದ್ಕೊಂಡು ಮನೇಲಿಟ್ಕೊಂಡವರನ್ನ ನಾನೇ ನೋಡಿದ್ದೀನಿ, ಆದ್ರೆ ವಯಸ್ಸಾದವರ ಮಂಕುತನದಲ್ಲಿ ಚೆನ್ನಾಗಿ ಗುಣ ಮಾಡಬಹುದಾದ ಕೆಲವೇ ಕಾರಣಗಳಲ್ಲಿ ಇದೊಂದು, ಬುರುಡೆಗೆ ಸಣ್ಣ ತೂತು ಮಾಡಿ ಆ ಹಳೇ ರಕ್ತವನ್ನ ಹೊರಗೆ ಬಿಡ್ತಾರೆ, ಬಹಳ ಜನ ಮತ್ತೆ ಮೊದಲಿನ ಥರ ಆಗ್ತಾರೆ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಅಥವಾ 65 ದಾಟಿದವರು ತಲೆಗೆ ಪೆಟ್ಟು ಮಾಡ್ಕೊಂಡ್ರೆ ಬುಗುಟು ನೆಲ್ಲಿಕಾಯಿಯಷ್ಟೇ ಇದ್ರೂ ಅವತ್ತೇ ತೋರಿಸಿ. ಆಮೇಲೆ ಆ ಮಾತ್ರೆಯನ್ನ ನೀವೇ ನಿಲ್ಲಿಸಬೇಡಿ, ಸ್ಟೆಂಟ್ ಹಾಕಿಸ್ಕೊಂಡವರು, ವಾಲ್ವ್ ಬದಲಾಯಿಸಿಕೊಂಡವರು ದಿಢೀರ್ ಅಂತ ನಿಲ್ಲಿಸಿದ್ರೆ ಬೇರೆಯೇ ಅನಾಹುತ ಆಗುತ್ತೆ, ಅದನ್ನ ಡಾಕ್ಟ್ರು ತೀರ್ಮಾನ ಮಾಡ್ಲಿ.

ಪ್ರಶ್ನೆ: ನಮ್ಮ ತೋಟದಲ್ಲಿ ಮೆಣಸು ಕೊಯ್ಯೋವಾಗ ಹುಡುಗನೊಬ್ಬ ಸಿಲ್ವರ್ ಮರದ ಏಣಿಯಿಂದ ಜಾರಿ ಬಿದ್ದ, ಹನ್ನೆರಡು ಅಡಿ ಇರಬಹುದು. ಮಡಿಕೇರಿಗೆ ಕರ್ಕೊಂಡು ಹೋದ್ವಿ, ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದು ಎರಡನೇ ದಿನ ಕಳಿಸಿದ್ರು. ತಲೆ ಮೇಲೆ ಮೆತ್ತಗೆ ದೊಡ್ಡ ಊತ ಇತ್ತು. ಮೂರನೇ ದಿನ ಎರಡೂ ಕಣ್ಣು ಊದಿ ನೇರಳೆ ಬಣ್ಣ ಆಗ್ಬಿಟ್ಟಿದೆ, ರೆಪ್ಪೆ ತೆಗೆಯೋಕಾಗ್ತಿಲ್ಲ. ಲೈನ್ ಮನೆಯವರೆಲ್ಲ ಆಸ್ಪತ್ರೆಯವರು ಸರಿಯಾಗಿ ನೋಡ್ಲಿಲ್ಲ ಅಂತಿದ್ದಾರೆ. — ಎಸ್ಟೇಟ್ ರೈಟರ್ ಒಬ್ಬರು, ಸುಂಟಿಕೊಪ್ಪ ಕಡೆಯಿಂದ

ರೈಟರೇ, ಈ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ, ಯಾಕಂದ್ರೆ ಇದರಲ್ಲಿ ಎರಡು ಸಾಧ್ಯತೆ ಇದೆ, ಒಂದು ಏನೂ ಅಲ್ಲ, ಇನ್ನೊಂದು ತುಂಬಾ ದೊಡ್ಡದು.

ಮೇಲೆ ಹೇಳಿದ ಐದು ಪದರದಲ್ಲಿ ನಾಲ್ಕನೆಯದು ಸಡಿಲ ಅಂದೆನಲ್ಲ, ನಿಮ್ಮ ಬೆರಳಿಂದ ನೆತ್ತಿಯ ಚರ್ಮವನ್ನ ಹಿಂದೆ ಮುಂದೆ ಜಾರಿಸೋಕೆ ಆಗೋದೇ ಆ ಪದರದಿಂದ. ರಕ್ತ ಎರಡನೇ ಪದರದಲ್ಲಿ ನಿಂತ್ರೆ ಗಟ್ಟಿ ಬುಗುಟು, ಒಂದೇ ಕಡೆ ಇರುತ್ತೆ. ಈ ನಾಲ್ಕನೇ ಪದರಕ್ಕೆ ಇಳಿದ್ರೆ ಅಲ್ಲಿ ಬೇಲಿಯೇ ಇಲ್ಲ, ಹುಬ್ಬಿನಿಂದ ಕತ್ತಿನ ಹಿಂಭಾಗದ ತನಕ ಖಾಲಿ ಗದ್ದೆಗೆ ನೀರು ಬಿಟ್ಟ ಹಾಗೆ ಹರಡುತ್ತೆ. ಮುಟ್ಟಿದ್ರೆ ಮೆತ್ತಗೆ, ನೀರಿನ ಚೀಲದ ಥರ. ಮೇಲಿನ ಟೋಪಿಯಂಥ ಹಾಳೆ ಹಿಂದಗಡೆ ಮೂಳೆಗೆ ಅಂಟ್ಕೊಂಡಿರೋದ್ರಿಂದ ರಕ್ತ ಅಲ್ಲಿ ನಿಲ್ಲುತ್ತೆ, ಆದ್ರೆ ಮುಂದಗಡೆ ಹಣೆಯ ಸ್ನಾಯು ಮೂಳೆಗೆ ಅಂಟಿರಲ್ಲ, ಹುಬ್ಬಿನ ಚರ್ಮಕ್ಕೆ ಸೇರ್ಕೊಂಡಿರುತ್ತೆ, ಹಾಗಾಗಿ ಮುಂದೆ ಬಾಗಿಲು ತೆರೆದೇ ಇದೆ. ಎದ್ದು ಕೂತು ಓಡಾಡೋಕೆ ಶುರು ಮಾಡಿದ ಕೂಡ್ಲೇ ರಕ್ತ ಮೆಲ್ಲಗೆ ಕೆಳಗಿಳಿದು ಕಣ್ಣಿನ ರೆಪ್ಪೆಯಲ್ಲಿ ನಿಲ್ಲುತ್ತೆ. ನಿಮ್ಮ ಹುಡುಗನಿಗೆ ಆಗಿರೋದು ಬಹುಶಃ ಇದೇ. ಕಣ್ಣಿಗೆ ಪೆಟ್ಟೇ ಬಿದ್ದಿಲ್ಲ, ಮೇಲಿನ ಮನೆಯ ನೀರು ಕೆಳಗಿನ ಮನೆಗೆ ಸೋರಿದೆ ಅಷ್ಟೇ.

ಆದ್ರೆ ಬುರುಡೆಯ ತಳದ ಮೂಳೆ ಬಿರುಕು ಬಿಟ್ಟಾಗಲೂ ಎರಡೂ ಕಣ್ಣು ಹೀಗೇ ಕಪ್ಪಾಗುತ್ತೆ. ಆಗ ಇನ್ನೂ ಕೆಲವು ಗುರುತು ಇರ್ತವೆ, ಮುಂದೆ ಬಗ್ಗಿದಾಗ ಮೂಗಿಂದ ತಿಳಿನೀರು ತೊಟ್ಟಿಕ್ಕೋದು, ಅದು ಬಾಯಿಗೆ ಉಪ್ಪುಪ್ಪಾಗಿ ಸಿಗೋದು, ಕಿವಿಯಿಂದ ರಕ್ತ ಅಥವಾ ನೀರು, ಕಿವಿಯ ಹಿಂದೆ ಕಪ್ಪು ಕಲೆ, ಕಿವಿ ಕೇಳಿಸದಿರೋದು, ಮುಖ ಒಂದು ಕಡೆ ಸೊಟ್ಟ ಆಗೋದು. ಸ್ಕ್ಯಾನ್ ಚೆನ್ನಾಗಿತ್ತು ಅಂದಿದ್ದೀರಿ, ಒಳ್ಳೇದು, ಆದ್ರೂ ಹೊಸದಾಗಿ ಕಣ್ಣು ಕಪ್ಪಾಗಿರೋದ್ರಿಂದ ಒಂದ್ಸಲ ಹೋಗಿ ಅವರಿಗೇ ತೋರಿಸಿ, ರೆಪ್ಪೆ ಬಿಡಿಸಿ ದೃಷ್ಟಿ ನೋಡ್ಲಿ, ಎರಡೆರಡು ಕಾಣುತ್ತಾ, ಕಣ್ಣುಗುಡ್ಡೆ ಎಲ್ಲಾ ಕಡೆ ತಿರುಗುತ್ತಾ ಅಂತ. ಅವರನ್ನ ಬೈಯೋಕೆ ಹೋಗ್ಬೇಡಿ, ಇದು ಎರಡು ಮೂರು ದಿನ ಆದ್ಮೇಲೆ ಕಾಣಿಸಿಕೊಳ್ಳೋ ವಿಷಯ, ಡಿಸ್ಚಾರ್ಜ್ ಮಾಡುವಾಗ ಇರ್ಲಿಲ್ಲ.

ಬಣ್ಣ ನೋಡಿ ಹೆದರ್ಬೇಡಿ ಅಂತ ಲೈನ್ ಮನೆಯವರಿಗೆ ಹೇಳಿ. ಮೊದಲು ಕೆಂಪು, ಆಮೇಲೆ ನೇರಳೆ, ನಂತರ ಹಸಿರು, ಕೊನೆಗೆ ಹಳದಿ, ರಕ್ತದ ಹಿಮೋಗ್ಲೋಬಿನ್ ಒಡೆದು ಒಂದೊಂದೇ ಬಣ್ಣದ ವಸ್ತುವಾಗಿ ಮೈಯೊಳಗೆ ಸೇರ್ತಾ ಹೋಗೋ ಹಾದಿ ಅದು. ಹಸಿರಾಗಿದೆ ಅಂದ್ರೆ ಕೀವು ಅಲ್ಲ, ಗುಣ ಆಗ್ತಿದೆ ಅಂತ. ಕಣ್ಣು ಎರಡು ವಾರ, ತಲೆಯ ಮೆತ್ತನೆ ಊತ ಮೂರರಿಂದ ಆರು ವಾರವೂ ತಗೊಳ್ಳಬಹುದು. ಮಧ್ಯೆ ಇನ್ನೊಂದು ತಮಾಷೆ ಆಗುತ್ತೆ, ಊತದ ಅಂಚು ಮೊದಲು ಹೆಪ್ಪುಗಟ್ಟಿ ಗಟ್ಟಿಯಾಗುತ್ತೆ, ನಡುವೆ ಮೆತ್ತಗೇ ಇರುತ್ತೆ, ಬೆರಳಿಟ್ಟು ನೋಡಿದವರು ಅಯ್ಯೋ ಬುರುಡೆಯಲ್ಲಿ ಗುಂಡಿ ಬಿದ್ದಿದೆ ಅಂತ ಕಿರುಚ್ತಾರೆ. ಡಾಕ್ಟ್ರುಗಳೇ ಮೋಸ ಹೋಗೋ ಜಾಗ ಅದು. ಅದಕ್ಕೇ ಎತ್ತರದಿಂದ ಬಿದ್ದವರಿಗೆ ಬೆರಳನ್ನ ನಂಬದೆ ಸ್ಕ್ಯಾನ್ ಮಾಡೋದು.

ದಿಂಬು ಎತ್ತರ ಮಾಡಿ ಮಲಗ್ಲಿ, ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಅಂಗಡೀಲಿ ಮೈಕೈ ನೋವಿಗೆ ಅಂತ ಕೊಡೋ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಇವೆಲ್ಲ ರಕ್ತ ಹೆಪ್ಪುಗಟ್ಟೋದಕ್ಕೆ ಅಡ್ಡ ಬರ್ತವೆ, ಮೊದಲ ಎರಡು ದಿನವಂತೂ ಬೇಡವೇ ಬೇಡ. ಎರಡು ದಿನ ಕಳೆದ ಮೇಲೆ ಐಸ್ ಸಾಕು, ಬೇಕಾದ್ರೆ ಬೆಚ್ಚಗಿನ ಬಟ್ಟೆ ಇಟ್ಕೊಳ್ಳಿ, ಹಾಯಾಗುತ್ತೆ.

ರೈಟರೇ, ಇನ್ನೊಂದು ಮಾತು ನಿಮಗೇ. ಬಿದ್ದವನನ್ನ ಹೇಗೆ ಸಾಗಿಸಿದ್ರಿ ಅಂತ ಬರೆದಿಲ್ಲ. ನಾನು ನೋಡಿರೋದು ಹೇಳ್ತೀನಿ, ಇಬ್ಬರು ಕೈ ಹಿಡಿದು ಇಬ್ಬರು ಕಾಲು ಹಿಡಿದು ಪಿಕಪ್‌ಗೆ ಎತ್ತಿ ಹಾಕ್ತಾರೆ, ತಲೆ ಜೋತಾಡ್ತಿರುತ್ತೆ. ಎತ್ತರದಿಂದ ಬಿದ್ದವನ ಕತ್ತಿನ ಮೂಳೆಗೂ ಪೆಟ್ಟಾಗಿರಬಹುದು, ನೀವು ಎತ್ತುವಾಗ ಅದು ಅಲುಗಿದ್ರೆ ಕೈಕಾಲೇ ಹೋಗುತ್ತೆ. 108ಕ್ಕೆ ಫೋನ್ ಹೋದ್ರೆ ಅವರು ಬರೋ ತನಕ ಅಲುಗಾಡಿಸದೆ ಅಲ್ಲೇ ಬಿಡಿ, ಸಾಗಿಸಲೇಬೇಕು ಅಂದ್ರೆ ಒಂದು ಅಗಲ ಹಲಗೆ ಮೇಲೆ ಮರದ ದಿಮ್ಮಿ ಥರ ಒಟ್ಟಿಗೆ ಹೊರಳಿಸಿ, ತಲೆಯ ಎರಡೂ ಪಕ್ಕ ಕಂಬಳಿ ಸುತ್ತಿ ಇಡಿ, ಒಬ್ಬ ಬರೀ ತಲೆ ಹಿಡ್ಕೊಳ್ಳೋಕೇ ಇರ್ಲಿ. ಆಮೇಲೆ ತಲೆ ಒಡೆದು ರಕ್ತ ಸುರೀತಿದ್ರೆ ದಯವಿಟ್ಟು ಕಾಫಿ ಪುಡಿ ಮೆತ್ತಬೇಡಿ. ನಮ್ಮಲ್ಲಿ ಇದು ಬಿಡದ ಚಾಳಿ, ಹೊಲಿಗೆ ಹಾಕೋ ಮುಂಚೆ ಅದನ್ನ ಕೂದಲ ಮಧ್ಯದಿಂದ ತೊಳೆದು ತೆಗೆಯೋಕೆ ನಮ್ಮ ನರ್ಸ್‌ಗಳು ಪಟ್ಟ ಪಾಡು ಅಷ್ಟಿಷ್ಟಲ್ಲ, ಸ್ವಂತ ತೋಟದ ರೋಬಸ್ಟಾ ಆದ್ರೂ ಅಷ್ಟೇ. ಶುದ್ಧ ಬಟ್ಟೆ ಮಡಿಚಿ ಹತ್ತು ನಿಮಿಷ ಬಿಡದೆ ಒತ್ತಿ ಹಿಡೀರಿ ಸಾಕು. ಮೂಳೆ ಒಳಗೆ ಕುಸಿದ ಹಾಗೆ ಕಂಡ್ರೆ ಮಾತ್ರ ಒತ್ತಬಾರದು, ಮೇಲೆ ಬಟ್ಟೆ ಸಡಿಲವಾಗಿ ಮುಚ್ಚಿ.

ಪ್ರಶ್ನೆ: ಅಷ್ಟು ದಿನ ಕಾಯೋ ಬದಲು ಸೂಜಿ ಹಾಕಿ ರಕ್ತ ಎಳೆದು ತೆಗೆಸಿದ್ರೆ ಆಗಲ್ವಾ? — ಓದುಗರು, ನಾಪೋಕ್ಲು

ಕೇಳೋಕೆ ಸುಲಭವಾಗೇ ಇದೆ, ಮಾಡಬಾರದು. ಒಂದು, ರಕ್ತ ಹೆಪ್ಪುಗಟ್ಟಿದ್ರೆ ಸೂಜಿಯಲ್ಲಿ ಬರೋದೇ ಇಲ್ಲ. ಎರಡು, ತೆಗೆದ ಜಾಗ ಖಾಲಿಯಾಗಿ ಒತ್ತಡ ಇಳಿದು ಮತ್ತೆ ರಕ್ತ ಬಂದು ತುಂಬುತ್ತೆ. ಮೂರನೇದು ನಿಜವಾದ ಭಯ, ಸೂಜಿ ಜೊತೆ ರೋಗಾಣು ಒಳಗೆ ಹೋದ್ರೆ ನಿಂತ ರಕ್ತ ಅದಕ್ಕೆ ಔತಣದೂಟ, ಆ ಸಡಿಲ ಪದರದಿಂದ ಬುರುಡೆಯನ್ನ ತೂರಿ ಒಳಗಿನ ದೊಡ್ಡ ರಕ್ತನಾಳಗಳಿಗೆ ಸೇರೋ ಸಣ್ಣ ನಾಳಗಳು ಇವೆ, ಅದೇ ದಾರಿಯಲ್ಲಿ ಸೋಂಕು ಮಿದುಳಿನ ಹತ್ರ ಹೋಗಬಹುದು. ವೈದ್ಯಕೀಯ ಪುಸ್ತಕಗಳು ಆ ಪದರಕ್ಕೆ ಅಪಾಯದ ಜಾಗ ಅಂತಲೇ ಹೆಸರಿಟ್ಟಿವೆ. ತುಂಬಾ ದೊಡ್ಡದಾಗಿ, ವಾರಗಳಾದ್ರೂ ಕರಗದೆ, ನೋವು ತಡೆಯೋಕಾಗದೆ ಇದ್ರೆ ಅಥವಾ ಕೀವಾಗಿದ್ರೆ ಸರ್ಜನ್ ಆಪರೇಷನ್ ಥಿಯೇಟರಲ್ಲಿ ತೆಗೀತಾರೆ, ಅದು ಬೇರೆ ಮಾತು. ಊತ ಕೆಂಪಾಗಿ ಬಿಸಿಯಾಗಿ ಮಿಡಿಯೋ ನೋವು, ಜ್ವರ ಬಂದ್ರೆ ಕೀವಿನ ಸೂಚನೆ, ತಡ ಮಾಡ್ಬೇಡಿ.

ಪ್ರಶ್ನೆ: ಎಂಟು ವರ್ಷದ ಮಗಳು. ಸ್ಕೂಲಲ್ಲಿ ಆಟ ಆಡುವಾಗ ಯಾರೋ ಜಡೆ ಜೋರಾಗಿ ಎಳೆದ್ರಂತೆ. ಬಿದ್ದಿಲ್ಲ, ಏಟು ತಗುಲಿಲ್ಲ. ಎರಡು ದಿನ ಆದ್ಮೇಲೆ ತಲೆ ಬಾಚೋವಾಗ ನೆತ್ತಿ ಎಲ್ಲ ಸ್ಪಂಜಿನ ಹಾಗೆ ಮೆತ್ತಗಿದೆ. ಜಡೆ ಎಳೆದ್ರೆ ಹೀಗಾಗುತ್ತಾ? — ಒಬ್ಬ ತಾಯಿ, ಪೊನ್ನಂಪೇಟೆ

ಆಗುತ್ತಮ್ಮ, ಕೇಳಿದವರು ಯಾರೂ ನಂಬಲ್ಲ. ಕೂದಲು ಜೋರಾಗಿ ಎಳೆದಾಗ ಆ ಟೋಪಿಯಂಥ ಹಾಳೆ ಮೂಳೆಯಿಂದ ಮೇಲೆದ್ದು ಮಧ್ಯದ ಸಣ್ಣ ನಾಳಗಳು ಕಿತ್ತು ಹೋಗ್ತವೆ, ಮಕ್ಕಳಲ್ಲಿ ಅದು ಇನ್ನೂ ಸಡಿಲ. ತುಂಬಾ ಬಿಗಿಯಾಗಿ ಜಡೆ ಹೆಣೆದ್ರೂ ಕೆಲವೊಮ್ಮೆ ಹೀಗಾಗಿದ್ದಿದೆ.

ಒಮ್ಮೆ ಮಕ್ಕಳ ಡಾಕ್ಟ್ರಿಗೆ ತೋರಿಸಲೇಬೇಕು, ಎರಡು ಕಾರಣಕ್ಕೆ. ಅಷ್ಟು ಸಣ್ಣ ಎಳೆತಕ್ಕೆ ಇಷ್ಟು ರಕ್ತ ಹೋಗಿದೆ ಅಂದ್ರೆ ರಕ್ತ ಹೆಪ್ಪುಗಟ್ಟೋದ್ರಲ್ಲಿ ಹುಟ್ಟಿನಿಂದಲೇ ಏನಾದ್ರೂ ಕೊರತೆ ಇದೆಯಾ ಅಂತ ನೋಡಬೇಕು. ಹಲ್ಲು ಬಿದ್ದಾಗ ರಕ್ತ ಬೇಗ ನಿಲ್ತಿರ್ಲಿಲ್ವಾ, ಮೂಗಲ್ಲಿ ಪದೇಪದೇ ರಕ್ತ ಬರುತ್ತಾ, ಮೈಮೇಲೆ ಸುಮ್ಸುಮ್ನೆ ನೀಲಿ ಕಲೆ ಏಳುತ್ತಾ, ಮನೇಲಿ ಯಾರಿಗಾದ್ರೂ ಹೀಗಿದೆಯಾ ಅಂತ ಯೋಚ್ನೆ ಮಾಡಿ ಹೋಗಿ. ಹಿಮೋಗ್ಲೋಬಿನ್ನೂ ನೋಡ್ಲಿ, ಮಗು ಬಿಳಿಚಿಕೊಂಡಿದ್ಯಾ ಗಮನಿಸಿ. ಎರಡನೇ ಕಾರಣ ಕೇಳೋಕೆ ಕಷ್ಟ, ಡಾಕ್ಟ್ರು ನಿಮ್ಮನ್ನ ಆಚೆ ಕೂರಿಸಿ ಮಗು ಹತ್ರ ಯಾರು ಎಳೆದ್ರು, ಎಷ್ಟು ಸಲ ಅಂತ ಕೇಳಬಹುದು. ಬೇಜಾರ್ ಮಾಡ್ಕೋಬೇಡಿ. ಕೂದಲು ಹಿಡಿದು ಎಳೆದು ಹೊಡೆಯೋರು ಸ್ಕೂಲಲ್ಲೂ ಇರ್ತಾರೆ, ಮನೇಲೂ ಇರ್ತಾರೆ, ಮಕ್ಕಳು ಆಟ ಆಡುವಾಗ ಆಯ್ತು ಅಂತಲೇ ಹೇಳೋದು. ನಾನೂ ಕೇಳ್ತಿದ್ದೆ.

ಔಷಧಿ ಅಂತ ವಿಶೇಷ ಏನಿಲ್ಲ, ಒಂದು ತಿಂಗಳು ಜಡೆ ಬೇಡ, ಸ್ಕೂಲಿನವರು ಎರಡು ಜಡೆ ರಿಬ್ಬನ್ ಅಂತ ಪಟ್ಟು ಹಿಡಿದ್ರೆ ಡಾಕ್ಟ್ರ ಹತ್ರ ಚೀಟಿ ಬರೆಸ್ಕೊಂಡು ಹೋಗಿ.

ಪ್ರಶ್ನೆ: ತಂಗಿಗೆ ಹೆರಿಗೆಯಾಗಿ 12 ದಿನ. ವ್ಯಾಕ್ಯೂಮ್ ಹಾಕಿ ಹೆರಿಗೆ ಮಾಡ್ಸಿದ್ರು. ಮಗುವಿನ ತಲೆಯ ಎಡಗಡೆ ನಿಂಬೆಹಣ್ಣಿನಷ್ಟು ಊತ ಇದೆ. ತಾನಾಗೇ ಹೋಗುತ್ತೆ ಅಂದಿದ್ದಾರೆ. ಎಣ್ಣೆ ಸ್ನಾನ ಮಾಡ್ಸೋ ಅಜ್ಜಿ ದಿನಾ ಒತ್ತಿ ಒತ್ತಿ ತಲೆ ದುಂಡಗೆ ಮಾಡ್ತೀನಿ ಅಂತಾರೆ. — ಓದುಗರು, ವಿರಾಜಪೇಟೆ

ಅಜ್ಜಿಯ ಕೈಯನ್ನ ಬೆನ್ನು, ಕೈಕಾಲಿಗೆ ಮಾತ್ರ ಬಿಡಿ, ತಲೆ ಮುಟ್ಟೋದು ಬೇಡ. ಇದು ಐದನೇ ಪದರದ ಕಥೆ, ಮೂಳೆಗೂ ಅದರ ಪೊರೆಗೂ ಮಧ್ಯೆ ನಿಂತ ರಕ್ತ, ಸೆಫಲ್‌ಹೆಮಟೋಮಾ ಅಂತಾರೆ. ನೂರು ಹೆರಿಗೆಗೆ ಒಂದೆರಡರಲ್ಲಿ ಕಾಣುತ್ತೆ. ಮಗುವಿನ ಬುರುಡೆ ಹಲವು ತುಂಡು ಮೂಳೆ ಸೇರಿ ಆಗಿರೋದು, ಪೊರೆ ಪ್ರತಿ ತುಂಡಿನ ಅಂಚಿಗೆ ಅಂಟಿರೋದ್ರಿಂದ ಊತ ಆ ಒಂದು ಮೂಳೆಯ ಗಡಿ ದಾಟಲ್ಲ. ಹುಟ್ಟಿದ ಕೂಡ್ಲೇ ತಲೆ ಉದ್ದಕ್ಕೆ ಊದಿ ಎರಡು ಮೂರು ದಿನಕ್ಕೆ ಇಳಿಯುತ್ತಲ್ಲ, ಅದು ಬೇರೆ, ಅದು ಬರೀ ನೀರು. ಇದು ಎರಡು ವಾರದಿಂದ ಮೂರು ತಿಂಗಳು ತಗೊಳ್ಳುತ್ತೆ, ಕೆಲವರಲ್ಲಿ ಅಂಚು ಗಟ್ಟಿ ಮೂಳೆಯ ಹಾಗಾಗಿ ಆಮೇಲೆ ತಲೆ ಬೆಳೀತಾ ಸರಿಹೋಗುತ್ತೆ.

ನೀವು ನೋಡಬೇಕಾದ್ದು ಊತ ಅಲ್ಲ, ಕಣ್ಣಿನ ಬಿಳಿ. ನಿಂತ ರಕ್ತ ಕರಗುವಾಗ ಹಳದಿ ಬಿಲಿರುಬಿನ್ ಹೆಚ್ಚಾಗಿ ಕಾಮಾಲೆ ಬರಬಹುದು, ಹಗಲು ಬೆಳಕಲ್ಲಿ ಕಿಟಕಿ ಹತ್ರ ಹಿಡಿದು ನೋಡಿ, ಕಣ್ಣು, ಹೊಟ್ಟೆ, ಕಾಲು ಹಳದಿಯಾದ್ರೆ, ಹಾಲು ಕುಡಿಯೋದು ಕಮ್ಮಿ ಮಾಡಿ ಮಂಪರಲ್ಲಿದ್ರೆ ಅವತ್ತೇ ತೋರಿಸಿ. ಹುಟ್ಟಿದಾಗ ರಕ್ತ ಹೆಪ್ಪುಗಟ್ಟೋಕೆ ಬೇಕಾದ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ದಾರಾ ಅಂತ ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ.

ವ್ಯಾಕ್ಯೂಮ್ ಹೆರಿಗೆಯಲ್ಲಿ ಇನ್ನೊಂದು ಇದೆ, ಅಪರೂಪ, ರಕ್ತ ಆ ಸಡಿಲ ಪದರಕ್ಕೆ ಇಳಿಯೋದು. ಮೂರು ಕೆಜಿ ಮಗುವಿನ ಮೈಯಲ್ಲಿ ಇರೋ ರಕ್ತವೇ ಸುಮಾರು 250 ಎಂಎಲ್, ಒಂದು ದೊಡ್ಡ ಲೋಟ, ಅದರಲ್ಲಿ ಹೆಚ್ಚಿನ ಪಾಲು ತಲೆ ಚರ್ಮದಡಿಯಲ್ಲೇ ತುಂಬ್ಕೊಳ್ಳೋವಷ್ಟು ಜಾಗ ಅಲ್ಲಿದೆ. ಅದು ಮೊದಲ ಒಂದೆರಡು ದಿನದಲ್ಲೇ ಗೊತ್ತಾಗುತ್ತೆ, ಅದಕ್ಕೇ ವ್ಯಾಕ್ಯೂಮ್ ಹಾಕಿದ ಮಗುವಿನ ತಲೆಯನ್ನ ನರ್ಸ್‌ಗಳು ಗಂಟೆ ಗಂಟೆಗೂ ಮುಟ್ಟಿ ನೋಡೋದು. ನಿಮ್ಮ ಮಗು ಆ ಘಟ್ಟ ದಾಟಿ ಆಗಿದೆ.

ಪ್ರಶ್ನೆ: ಹಾಕಿ ಪ್ರಾಕ್ಟೀಸಲ್ಲಿ ಚೆಂಡು ಬಂದು ಕಿವಿಯ ಮೇಲ್ಭಾಗಕ್ಕೆ ಬಡೀತು, ಕಣ್ಣು ಕತ್ತಲೆ ಬಂತು, ಬುಗುಟು ಎದ್ದಿದೆ. ಎರಡು ದಿನ ಆಯ್ತು, ಸ್ವಲ್ಪ ತಲೆನೋವು, ತಲೆಸುತ್ತು ಇದೆ. ಮುಂದಿನ ವಾರ ನಮ್ಮ ಮನೆತನದ ಮ್ಯಾಚ್. ಆಡಬಹುದಾ? — ಫುಲ್‌ಬ್ಯಾಕ್, ಗೋಣಿಕೊಪ್ಪ

ಫುಲ್‌ಬ್ಯಾಕ್ ಅವರೇ, ಹಾಕಿ ಚೆಂಡಿನ ತೂಕ 160 ಗ್ರಾಂ ಆಸುಪಾಸು, ಕಲ್ಲಿನಷ್ಟು ಗಟ್ಟಿ. ಬಡಿದಿರೋ ಜಾಗ ಬುರುಡೆಯಲ್ಲೇ ತೆಳುವಾದ್ದು, ಅದರ ಒಳಮೈಗೆ ಒಂದು ಅಪಧಮನಿ ಹೋಗುತ್ತೆ. ಅದು ಹರಿದ್ರೆ ಆಟಗಾರ ಎದ್ದು ಮಣ್ಣು ಕೊಡವಿ ಏನೂ ಆಗಿಲ್ಲ ಅಂತ ನಕ್ಕು ಆಟ ಮುಗಿಸಿ, ಕೆಲವು ಗಂಟೆ ಕಳೆದ ಮೇಲೆ ತಲೆನೋವು ಅಂತ ಮಲಗಿ ಏಳದೇ ಹೋಗಬಹುದು. ನೀವು ಎರಡು ದಿನ ದಾಟಿದ್ದೀರಿ, ಆ ಭಯ ಬಹಳ ಮಟ್ಟಿಗೆ ಕಮ್ಮಿ, ಆದ್ರೂ ತಲೆಸುತ್ತು ಇದೆ ಅಂದಿದ್ದೀರಲ್ಲ, ನಾಳೆ ಬೆಳಿಗ್ಗೆನೇ ಒಬ್ಬ ಡಾಕ್ಟ್ರಿಗೆ ತೋರಿಸಿ, ಸ್ಕ್ಯಾನ್ ಬೇಕಾ ಬೇಡ್ವಾ ಅಂತ ಅವರು ಹೇಳ್ತಾರೆ. ತಲೆನೋವು ಏರ್ತಾ ಹೋದ್ರೆ, ವಾಂತಿಯಾದ್ರೆ, ಮಾತು ತೊದಲಿದ್ರೆ ಬೆಳಗ್ಗೆ ತನಕವೂ ಕಾಯ್ಬೇಡಿ.

ಬಹುಶಃ ನಿಮಗೆ ಆಗಿರೋದು ಕನ್‌ಕಷನ್, ಮಿದುಳು ಒಳಗೆ ಅಲುಗಿ ತಾತ್ಕಾಲಿಕವಾಗಿ ಮಂಕಾಗೋದು, ಸ್ಕ್ಯಾನ್‌ನಲ್ಲಿ ಕಾಣೋದೂ ಇಲ್ಲ. ಅದಿನ್ನೂ ಇಳಿಯೋ ಮೊದಲು ಎರಡನೇ ಪೆಟ್ಟು ಬಿದ್ರೆ ಮೊದಲನೆಯದಕ್ಕಿಂತ ಎಷ್ಟೋ ಕೆಟ್ಟದು. ಒಂದೆರಡು ದಿನ ಆರಾಮಾಗಿರಿ, ಆಮೇಲೆ ನಡಿಗೆ, ನಂತರ ಮೆಲ್ಲಗೆ ಓಟ, ನಂತರ ಸ್ಟಿಕ್ ಹಿಡಿದು ಒಬ್ಬರೇ ಪ್ರಾಕ್ಟೀಸ್, ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ, ತಲೆಸುತ್ತು ಮರಳಿದ್ರೆ ಹಿಂದಿನ ಮೆಟ್ಟಿಲಿಗೆ ವಾಪಸ್, ಮ್ಯಾಚಿಗೆ ಮುಂಚೆ ಡಾಕ್ಟ್ರ ಒಪ್ಪಿಗೆ. ಲೆಕ್ಕ ಹಾಕಿ ನೋಡಿ, ಮುಂದಿನ ವಾರಕ್ಕೆ ಆಗಲ್ಲ. 1997ರಲ್ಲಿ ಕರಡದಲ್ಲಿ ಶುರುವಾದಾಗಿಂದ ಕೊಡವ ಮನೆತನಗಳ ನಡುವಿನ ಈ ಕೌಟುಂಬಿಕ ಹಾಕಿಯಲ್ಲಿ ಅಜ್ಜಂದಿರು, ಸೊಸೆಯಂದಿರು, ಶಾಲೆ ಮಕ್ಕಳೆಲ್ಲ ಆಡ್ತಾ ಬಂದಿದ್ದಾರೆ, ನಿಮ್ಮ ಜಾಗಕ್ಕೆ ಚಿಕ್ಕಪ್ಪನನ್ನ ಇಳಿಸಿ, ನೀವು ಗ್ಯಾಲರಿಯಲ್ಲಿ ಕೂತು ಕೂಗಿ, ತಲೆನೋವು ಬರದಷ್ಟು ಮೆಲ್ಲಗೆ.